ಹಾಡು-ಕುಣಿತಗಳು ಒಂದು ಜನದ ಗುರುತನ್ನು ಕಟ್ಟುತ್ತವೆಯೇ, ಇಲ್ಲವೇ ತೋರಿಸುತ್ತವೆಯೇ?

ದಾವಣಗೆರೆ ಉಪನ್ಯಾಸಕ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯ ಪದವಿ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಪಾಠ ಮಾಡುತ್ತೇನೆ. ಈ ವರ್ಷ ತರಗತಿಯಲ್ಲಿ ಎದ್ದ ಒಂದು ಪ್ರಶ್ನೆಯನ್ನು, ಬಲ್ಲವರು ಇಲ್ಲಿದ್ದೀರೆಂಬ ಭರವಸೆಯಿಂದ ನಿಮ್ಮ ಮುಂದಿಡುತ್ತಿದ್ದೇನೆ.

ರಾಷ್ಟ್ರೀಯತೆ ಮತ್ತು ಜನಾಂಗೀಯ ಗುರುತಿನ ಅಧ್ಯಾಯದಲ್ಲಿ ಭಾಷೆ, ಧರ್ಮ, ನೆಲ, ಚರಿತ್ರೆಗಳಿಗೆ ಪುಟಗಟ್ಟಲೆ ವಿವರಣೆಯಿದ್ದು, ಸಂಗೀತ ಮತ್ತು ನೃತ್ಯಗಳ ಪ್ರಸ್ತಾಪ ಹೆಸರಿಗಷ್ಟೇ ಬರುತ್ತದೆ. ಆದರೆ ನಮ್ಮ ಮಧ್ಯ ಕರ್ನಾಟಕದಲ್ಲಿ ಒಂದು ಸಮುದಾಯ ತನ್ನ ಇರವನ್ನು ನಾಲ್ಕು ಜನರ ಮುಂದೆ ಸಾರಿಕೊಳ್ಳುವುದು ಹೆಚ್ಚಾಗಿ ವಾದ್ಯದಿಂದ ಮತ್ತು ಹೆಜ್ಜೆಯಿಂದ. ಡೊಳ್ಳು ಎಂದರೆ ಬೀರದೇವರ ಒಕ್ಕಲಾದ ಕುರುಬರು, ವೀರಗಾಸೆ ಎಂದರೆ ವೀರಭದ್ರನ ಪರಂಪರೆ, ಉರುಮೆ ಎಂದರೆ ಮ್ಯಾಸಬೇಡರ ದೇವರ ಉತ್ಸವ ಎಂದು ಹಳ್ಳಿಯ ಮಕ್ಕಳೂ ಹೇಳಬಲ್ಲರು.

ಕಳೆದ ರಾಜ್ಯೋತ್ಸವದ ಮೆರವಣಿಗೆಯಲ್ಲಿ ವಿದ್ಯಾರ್ಥಿನಿಯರ ತಂಡವೊಂದು ಬಾಡಿಗೆಯ ಉಡುಪು ತೊಟ್ಟು ಲಂಬಾಣಿ ನೃತ್ಯ ಮಾಡಿತು. ತಂಡದಲ್ಲಿ ತಾಂಡಾದಿಂದ, ಅಂದರೆ ಲಂಬಾಣಿಗರ ವಸತಿಯಿಂದ, ಬಂದವರು ಯಾರೂ ಇರಲಿಲ್ಲ. ಮರುದಿನ ಲಂಬಾಣಿ ಸಮುದಾಯದ ವಿದ್ಯಾರ್ಥಿಯೊಬ್ಬ ಎದ್ದುನಿಂತು, ಅದನ್ನು ನೋಡಿ ತನಗೆ ಹೆಮ್ಮೆಯೂ ಆಯಿತು, ಏನನ್ನೋ ಕಳೆದುಕೊಂಡಂತೆಯೂ ಆಯಿತು, ಎರಡೂ ಒಟ್ಟಿಗೇ ಆಗುವುದು ಹೇಗೆ ಎಂದು ಕೇಳಿದ. ಈ ಮಾತಿನ ಸುತ್ತ ನನಗೆ ಎರಡು ಸಂದೇಹಗಳಿವೆ. ಹಾಡು-ಕುಣಿತಗಳು ಮೊದಲೇ ಇರುವ ಗುರುತನ್ನು ಹೊರಗೆ ತೋರಿಸುವ ಸಾಧನಗಳು ಮಾತ್ರವೇ, ಅಥವಾ ಅವುಗಳಿಂದಲೇ ಆ ಗುರುತು ಹುಟ್ಟುತ್ತದೆಯೇ? ಒಂದು ಸಮುದಾಯದ ಕುಣಿತವನ್ನು ನಾಡು ಅಥವಾ ದೇಶ ತನ್ನ ಲಾಂಛನವಾಗಿ ಎತ್ತಿಕೊಂಡಾಗ ಆ ಸಮುದಾಯಕ್ಕೆ ದಕ್ಕುವುದೇನು, ಕೈತಪ್ಪುವುದೇನು?


ಚಳ್ಳಕೆರೆ ಸೀಮೆಯವನು

ಸರ್, ನಿಮ್ಮ ಮೊದಲ ಸಂದೇಹಕ್ಕೆ ನಮ್ಮ ಸೀಮೆಯ ಕಾಡುಗೊಲ್ಲರನ್ನು ನೋಡಿದರೆ ಉತ್ತರ ಸಿಗುತ್ತದೆ ಎಂದು ನನ್ನ ನಂಬಿಕೆ. ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳ ಹಟ್ಟಿಗಳಲ್ಲಿ ಹರಡಿರುವ ಈ ಪಶುಪಾಲಕ ಸಮುದಾಯಕ್ಕೆ ಬರೆದಿಟ್ಟ ಚರಿತ್ರೆ ಇರಲಿಲ್ಲ. ತಮ್ಮ ಹಿರಿಯರು ಯಾರು, ದನ ಹೊಡೆದುಕೊಂಡು ಯಾವ ಅಡವಿಯಿಂದ ಯಾವ ಅಡವಿಗೆ ಬಂದರು, ತಾವು ಯಾವ ಕಟ್ಟೆಮನೆಗೆ ಸೇರಿದವರು, ಯಾರ ಜೊತೆ ಕೊಟ್ಟು ತರುವ ಸಂಬಂಧ ಮಾಡಬಹುದು ಎಂಬುದೆಲ್ಲ ಉಳಿದು ಬಂದಿರುವುದು ಪದಗಳಲ್ಲಿ. ಜುಂಜಪ್ಪನ ಕಾವ್ಯವನ್ನು ಹಾಡುವವರು ಕೈಯಲ್ಲಿ ಗಣೆ ಎಂಬ ಉದ್ದನೆಯ ಬಿದಿರಿನ ಕೊಳಲು ಹಿಡಿದಿರುತ್ತಾರೆ. ಪದ ನಿಂತಲ್ಲಿ ಗಣೆಯ ನಾದ ಶುರುವಾಗುತ್ತದೆ, ನಾದ ಇಳಿದಲ್ಲಿ ಕಥೆ ಮುಂದಕ್ಕೆ ಹೋಗುತ್ತದೆ. ಸುತ್ತ ಕುಳಿತ ಹುಡುಗ ಅಲ್ಲಿ ಕೇಳುವುದು ಒಬ್ಬ ವೀರನ ಕಥೆಯನ್ನು. ಕೇಳುತ್ತ ಕೇಳುತ್ತ ತಾನು ಯಾರ ವಂಶದವನು ಎಂಬುದನ್ನೂ ಕಲಿತಿರುತ್ತಾನೆ. ಆ ಪದಗಳನ್ನು ತೆಗೆದುಬಿಟ್ಟರೆ ಉಳಿಯುವುದು ಒಂದು ಜಾತಿಯ ಹೆಸರು ಮಾತ್ರ.

ನಮ್ಮ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯವರನ್ನು ಇಲ್ಲಿ ನೆನೆಯಲೇಬೇಕು. ಅಕ್ಷರ ಕಲಿಯದ ಆ ತಾಯಿ ಸಾವಿರಾರು ಪದಗಳನ್ನು ನೆನಪಿನಲ್ಲಿ ಹೊತ್ತಿದ್ದರು. ದೇವರ ಪದ, ಸೋಬಾನೆ, ಕೋಲುಪದ, ಬಾಳಿನ ಕಷ್ಟ-ಸುಖದ ಪದ, ಎಲ್ಲವೂ ಅವರ ಬಾಯಲ್ಲಿದ್ದವು. ವಿಶ್ವವಿದ್ಯಾಲಯದ ವಿದ್ವಾಂಸರು ಅವರ ಹಟ್ಟಿಗೆ ಬಂದು ಕುಳಿತು ಬರೆದುಕೊಂಡರು. ಕಾಡುಗೊಲ್ಲರೆಂದರೆ ಯಾರೆಂದು ಹೊರಗಿನ ನಾಡಿಗೆ ತಿಳಿದದ್ದರಲ್ಲಿ ಅವರ ಕಂಠದ ಪಾಲು ಬಹಳ ದೊಡ್ಡದು.

ಮ್ಯಾಸಬೇಡರ ಉರುಮೆಯ ಮಾತೂ ಬೇರೆಯಲ್ಲ. ಎರಡು ಮುಖದ ಆ ವಾದ್ಯದ ಒಂದು ಕಡೆಯನ್ನು ಕೋಲಿನಿಂದ ಬಡಿಯುತ್ತಾರೆ, ಇನ್ನೊಂದು ಕಡೆಯನ್ನು ಬಾಗಿದ ಕಡ್ಡಿಯಿಂದ ಉಜ್ಜುತ್ತಾರೆ. ಉಜ್ಜಿದಾಗ ಹೊರಡುವ ಆ ಹೂಂಕಾರವನ್ನು ಒಮ್ಮೆ ಕೇಳಿದವರು ಮರೆಯಲಾರರು. ದೇವರ ಎತ್ತುಗಳ ಹಿಂದೆ ಉರುಮೆ ನಡೆದರೆ ಮೊಳಕಾಲ್ಮುರಿನವರಿಗೆ ಹೇಗೋ ಆಂಧ್ರದ ರಾಯದುರ್ಗದ ಕಡೆಯ ನೆಂಟರಿಗೂ ಹಾಗೆಯೇ ಅದು ತಮ್ಮದು ಎನಿಸುತ್ತದೆ. ಮನೆಯ ಮಾತು ಕೆಲವರದು ಕನ್ನಡ, ಕೆಲವರದು ತೆಲುಗು; ಭಾಷೆಯ ಆಧಾರದ ಮೇಲೆ ರಾಜ್ಯಗಳನ್ನು ಬೇರ್ಪಡಿಸಿದ ಗಡಿ ಆ ಸದ್ದನ್ನು ಎರಡು ಪಾಲು ಮಾಡಲಿಲ್ಲ.

ಇನ್ನೊಂದು ಸಂಗತಿ ನನ್ನನ್ನು ತುಂಬ ಕಾಡುತ್ತದೆ. ಪರಿಶಿಷ್ಟ ಪಂಗಡವನ್ನು ಗುರುತಿಸಲು 1965ರ ಲೋಕೂರ್ ಸಮಿತಿ ಸೂಚಿಸಿದ ಲಕ್ಷಣಗಳಲ್ಲಿ ‘ವಿಶಿಷ್ಟ ಸಂಸ್ಕೃತಿ’ಯೂ ಒಂದು. ಕಾಡುಗೊಲ್ಲರು ಪಂಗಡದ ಪಟ್ಟಿಗೆ ಸೇರಲು ವರ್ಷಗಳಿಂದ ಹೋರಾಡುತ್ತಿದ್ದಾರೆ, ರಾಜ್ಯ ಸರ್ಕಾರ ಶಿಫಾರಸನ್ನೂ ಮಾಡಿದೆ. ಇಂಥ ಸಂದರ್ಭದಲ್ಲಿ ಕ್ಯಾತಪ್ಪ ದೇವರ ಜಾತ್ರೆ, ಗಣೆ, ಕೋಲಾಟಗಳೆಲ್ಲ ಕಾಗದಪತ್ರದ ಜೊತೆಗಿಡುವ ಪುರಾವೆಗಳಾಗುತ್ತವೆ. ಗಣೆಯನ್ನು ಅಟ್ಟಕ್ಕೆ ಎಸೆದಿದ್ದ ಮನೆಯ ಹುಡುಗರು ಅದನ್ನು ಮತ್ತೆ ಕೆಳಗಿಳಿಸಿದ್ದರೆ ಅದಕ್ಕೆ ಈ ಹೋರಾಟವೂ ಒಂದು ಕಾರಣ, ಆ ಮಟ್ಟಿಗೆ ಒಳ್ಳೆಯದೇ ಆಗಿದೆ. ಆದರೆ ಹಾಡು ಪುರಾವೆಯಾದ ಮೇಲೆ ಅದನ್ನು ಬದಲಿಸಲು ಹಾಡುವವನಿಗೇ ಅಂಜಿಕೆ ಹುಟ್ಟುತ್ತದೆ. ಸಿರಿಯಜ್ಜಿಯಂಥವರು ಹಾಡುತ್ತಲೇ ಹೊಸದನ್ನು ಸೇರಿಸುತ್ತಿದ್ದರು. ಆ ಸ್ವಾತಂತ್ರ್ಯವನ್ನು ಮುಂದಿನವರು ಉಳಿಸಿಕೊಳ್ಳಬೇಕೆಂಬುದು ನನ್ನ ಕಳಕಳಿ.


ನ್ಯಾಮತಿಯ ತಾಂಡಾದ ಮಗಳು

ಉಪನ್ಯಾಸಕರಿಗೆ ನಮಸ್ಕಾರ. ನಿಮ್ಮ ವಿದ್ಯಾರ್ಥಿಯ ಮಾತನ್ನು ಓದಿ, ನಾನೂ ಉತ್ತರ ಬರೆಯಲೇಬೇಕೆನಿಸಿತು. ನಾನು ನ್ಯಾಮತಿ ತಾಲ್ಲೂಕಿನ ತಾಂಡಾವೊಂದರಲ್ಲಿ ಹುಟ್ಟಿ ಬೆಳೆದವಳು, ಈಗ ಶಾಲಾ ಶಿಕ್ಷಕಿ.

ಮೊದಲು ನಮ್ಮ ಸ್ಥಿತಿಯನ್ನು ಹೇಳಿಬಿಡುತ್ತೇನೆ. ಕರ್ನಾಟಕದಲ್ಲಿ ನಾವು ಪರಿಶಿಷ್ಟ ಜಾತಿ, ತೆಲಂಗಾಣ ಮತ್ತು ಆಂಧ್ರದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ನಮ್ಮ ಮಾತಿಗೆ ಸ್ವಂತ ಲಿಪಿಯಿಲ್ಲ. 2011ರ ಜನಗಣತಿಯಲ್ಲಿ ಲಮಾಣಿ ಅಥವಾ ಲಂಬಾಡಿ ತಮ್ಮ ತಾಯ್ನುಡಿಯೆಂದು ಬರೆಸಿದ 32 ಲಕ್ಷಕ್ಕೂ ಹೆಚ್ಚು ಜನರನ್ನು ಹಿಂದಿಯ ಲೆಕ್ಕಕ್ಕೆ ಸೇರಿಸಲಾಗಿದೆ. ನಾವು ಓದಿ ಬರೆಯುವುದು ಇಲ್ಲಿ ಕನ್ನಡ, ಅಲ್ಲಿ ತೆಲುಗು, ಮತ್ತೊಂದೆಡೆ ಮರಾಠಿ. ಕಾಗದದ ಮೇಲೆ ಹುಡುಕಿದರೆ ನಾವು ಒಂದು ಜನ ಎಂಬುದಕ್ಕೆ ಆಧಾರ ಸಿಗುವುದು ಕಷ್ಟ.

ಆದರೆ ಫೆಬ್ರುವರಿಯಲ್ಲಿ ಸೂರಗೊಂಡನಕೊಪ್ಪಕ್ಕೆ ಬಂದು ನೋಡಿ. 1739ರಲ್ಲಿ ಸಂತ ಸೇವಾಲಾಲರು ಹುಟ್ಟಿದ ಆ ಭಾಯಾಗಡಕ್ಕೆ ಮಾಲೆ ಧರಿಸಿದ ಭಕ್ತರು ನೆರೆ ರಾಜ್ಯಗಳಿಂದಲೂ ಬರುತ್ತಾರೆ. ಒಂದೆಡೆ ನಗಾರಿಯ ಪೆಟ್ಟು ಬಿದ್ದು ಕಂಚಿನ ತಟ್ಟೆ ದನಿಗೂಡಿಸಿತೆಂದರೆ, ಅದುವರೆಗೆ ಒಬ್ಬರನ್ನೊಬ್ಬರು ಕಂಡೇ ಇರದ ಹೆಂಗಸರು ಒಂದೇ ಸುತ್ತಿನೊಳಗೆ ಸೇರಿಬಿಡುತ್ತಾರೆ. ಸೊಂಟ ಬಾಗಿಸಿ ಚಪ್ಪಾಳೆ ಹಾಕಿ ಹಿಂದಕ್ಕೆ ಸರಿಯುವ ಹೆಜ್ಜೆಯನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಸಾಲೊಂದನ್ನು ಇಲ್ಲಿಯವಳು ಎತ್ತಿಕೊಂಡರೆ ಮಹಾರಾಷ್ಟ್ರದಿಂದ ಬಂದವಳು ಮುಗಿಸುತ್ತಾಳೆ. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದೇಶ ಸುತ್ತುತ್ತಿದ್ದ ನಮ್ಮ ಹಿರಿಯರು ರೈಲು ಬಂದ ಮೇಲೆ ಕಸುಬು ಕಳೆದುಕೊಂಡರು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಕಾಲದಲ್ಲಿ ನಮ್ಮವರ ಮೇಲೆ ಕಳ್ಳರೆಂಬ ಹೆಸರನ್ನೂ ಹೊರಿಸಿದರು. ಅಷ್ಟೆಲ್ಲ ಆಗಿ ದಿಕ್ಕಾಪಾಲಾದರೂ ನಾವು ಪರಸ್ಪರ ಗುರುತು ಹಿಡಿಯಲು ಸಾಧ್ಯವಾಗಿರುವುದು ಈ ಹಾಡುಗಳಿಂದ. ಆದ್ದರಿಂದ ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರದಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಹಾಡು-ಕುಣಿತಗಳೇ ನಮ್ಮನ್ನು ಒಂದು ಜನವಾಗಿ ಕಟ್ಟಿವೆ.

ಎರಡನೆಯ ಪ್ರಶ್ನೆಗೆ ಬರುತ್ತೇನೆ. ತಾಂಡಾದಲ್ಲಿ ನಾವು ಕುಣಿಯುವುದು ಸುತ್ತಾಗಿ ನಿಂತು, ಒಬ್ಬರ ಮುಖ ಒಬ್ಬರು ನೋಡುತ್ತ. ಹೊರಗೆ ನಿಂತವರಿಗೆ ಕಾಣುವುದು ನಮ್ಮ ಬೆನ್ನು. ಕುಣಿಯುವವಳೇ ಹಾಡುತ್ತಾಳೆ, ಉಸಿರು ಸಾಲದಾದಾಗ ಪಕ್ಕದವಳು ಸಾಲನ್ನು ಹೊತ್ತುಕೊಳ್ಳುತ್ತಾಳೆ. ಮೆರವಣಿಗೆಯಲ್ಲಿ ಮತ್ತು ವೇದಿಕೆಯಲ್ಲಿ ಆ ಸುತ್ತು ಒಡೆದು ಸಾಲಾಗುತ್ತದೆ, ಮುಖವೆಲ್ಲ ಗಣ್ಯರ ಕಡೆ ತಿರುಗುತ್ತದೆ, ಹಾಡು ಧ್ವನಿವರ್ಧಕದಿಂದ ಬರುತ್ತದೆ, ಕುಣಿಯುವವರ ಬಾಯಿ ಮುಚ್ಚಿರುತ್ತದೆ. ಬಾಡಿಗೆ ಉಡುಪಿನಲ್ಲಿ ಕನ್ನಡಿ, ಕವಡೆ ಎಲ್ಲ ಇರುತ್ತವೆ. ಆದರೆ ಮೇಲ್ತೋಳಿನ ಚೂಡೋ ಬಳೆಗಳು ಮತ್ತು ಕೂದಲಿಗೆ ಕಟ್ಟುವ ಘುಗ್ರಿ ನಮ್ಮಲ್ಲಿ ಮದುವೆಯಾದವಳ ಗುರುತು ಎಂಬುದನ್ನು ಯಾರೂ ವಿಚಾರಿಸಿರುವುದಿಲ್ಲ. ಹದಿನೆಂಟರ ಹುಡುಗಿಯರು ಅವೆಲ್ಲವನ್ನೂ ತೊಟ್ಟು ಬರುವಾಗ ನಮ್ಮ ಅಜ್ಜಿಯಂದಿರು ಬಾಯಿಬಿಟ್ಟು ಏನೂ ಹೇಳುವುದಿಲ್ಲ, ಮುಖ ತಿರುಗಿಸುತ್ತಾರೆ. ನಿಮ್ಮ ವಿದ್ಯಾರ್ಥಿಗೆ ಕಳೆದುಹೋದಂತೆ ಕಂಡದ್ದು ಬಹುಶಃ ಇದು.

ವೇದಿಕೆಗೆ ಬರಲಾರದ್ದೂ ನಮ್ಮಲ್ಲಿ ಬಹಳಷ್ಟಿದೆ. ತೀಜ್ ಹಬ್ಬದಲ್ಲಿ ಮದುವೆಯಾಗದ ಹುಡುಗಿಯರು ಪುಟ್ಟ ಬುಟ್ಟಿಗಳಲ್ಲಿ ಗೋಧಿ ಬಿತ್ತಿ, ದಿನವೂ ನೀರೆರೆದು, ಮೊಳಕೆಯ ಸುತ್ತ ಒಂಬತ್ತು ದಿನ ಹಾಡುತ್ತಾರೆ. ಗಂಡನ ಮನೆಗೆ ಹೊರಡುವ ಮದುಮಗಳು ತಾಯಿಯನ್ನು, ಅಣ್ಣಂದಿರನ್ನು, ಗೆಳತಿಯರನ್ನು ಒಬ್ಬೊಬ್ಬರನ್ನಾಗಿ ತಬ್ಬಿ ಢಾವಲೋ ಹಾಡುತ್ತಾಳೆ. ಅದು ಅಳುವೂ ಹೌದು, ಹಾಡೂ ಹೌದು. ಮದುವೆಗೆ ಮುಂಚೆ ಹಿರಿಯ ಹೆಂಗಸರ ಬಳಿ ಕುಳಿತು ಅದನ್ನು ಕಲಿಯಬೇಕಾಗುತ್ತದೆ. ನನ್ನ ವಯಸ್ಸಿನವರಲ್ಲಿ ಢಾವಲೋ ಬಲ್ಲವರು ಕಡಿಮೆಯಾಗಿದ್ದಾರೆ, ನನ್ನ ಶಾಲೆಯ ತಾಂಡಾದ ಹುಡುಗಿಯರಲ್ಲಿ ಒಬ್ಬರಿಗೂ ಬರುವುದಿಲ್ಲ. ಅದೇ ಹುಡುಗಿಯರಿಗೆ ಸ್ಪರ್ಧೆಯ ಲಂಬಾಣಿ ನೃತ್ಯ ಚೆನ್ನಾಗಿ ಬರುತ್ತದೆ. ವೇದಿಕೆ ಯಾವುದನ್ನು ಆರಿಸಿಕೊಳ್ಳುತ್ತದೋ ಅದು ಉಳಿಯುತ್ತದೆ, ಉಳಿದದ್ದು ಮನೆಯೊಳಗೇ ಬತ್ತಿಹೋಗುತ್ತದೆ. ನನಗೆ ಸಂಕಟವಾಗುವುದು ಈ ಕಾರಣಕ್ಕೆ.

ಹೆಮ್ಮೆಯ ಮಾತನ್ನೂ ಹೇಳಬೇಕು. ನನ್ನ ತಾಯಿ ನಮ್ಮ ಫೇಟಿಯಾ ಲಂಗ ಉಟ್ಟು ಪೇಟೆಗೆ ಬಂದರೆ ಜನ ದೂರ ಸರಿಯುತ್ತಿದ್ದ ಕಾಲವೊಂದಿತ್ತು. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿದ್ದರೂ ಯಾರೂ ಕುಳಿತುಕೊಳ್ಳುತ್ತಿರಲಿಲ್ಲ. ಆ ಉಡುಪು ಇಂದು ದೆಹಲಿಯ ಗಣರಾಜ್ಯೋತ್ಸವದವರೆಗೂ ಹೋಗಿದೆ, ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಇದರ ಬೆಲೆ ನಮಗೆ ಗೊತ್ತು. ಹಾಗಾಗಿ ವೇದಿಕೆ ಬೇಡವೆಂದು ನಾನು ಎಂದೂ ಹೇಳುವುದಿಲ್ಲ.


ನೃತ್ಯ ಶಿಕ್ಷಕಿ, ದಾವಣಗೆರೆ

ಮೇಲಿನ ಸಹೋದರಿಯವರು ಬರೆದದ್ದನ್ನು ಎರಡೆರಡು ಸಲ ಓದಿದೆ. ನಾನು ಭರತನಾಟ್ಯ ಕಲಿಸುವವಳು; ನಮ್ಮ ಕಲೆಯ ಚರಿತ್ರೆಯೂ ಇದೇ ಪ್ರಶ್ನೆಯ ದೊಡ್ಡ ಉದಾಹರಣೆ. ದೇವದಾಸಿ ಮನೆತನಗಳ ಹೆಣ್ಣುಮಕ್ಕಳು ದೇವಾಲಯಗಳಲ್ಲಿ ಮತ್ತು ಅರಮನೆಗಳಲ್ಲಿ ಆಡುತ್ತಿದ್ದ ಸದಿರ್ 1930ರ ದಶಕದಲ್ಲಿ ಮದರಾಸಿನಲ್ಲಿ ಭರತನಾಟ್ಯವೆಂಬ ಹೊಸ ಹೆಸರು, ಹೊಸ ವೇದಿಕೆ ಪಡೆಯಿತು. 1935ರಲ್ಲಿ ರುಕ್ಮಿಣೀದೇವಿ ಅರುಂಡೇಲ್ ಅವರು ಅಡ್ಯಾರಿನಲ್ಲಿ ನರ್ತಿಸಿದರು, ಮರುವರ್ಷ ಅವರ ಕಲಾಕ್ಷೇತ್ರ ಸಂಸ್ಥೆ ಆರಂಭವಾಯಿತು. ಸ್ವಾತಂತ್ರ್ಯಕ್ಕೆ ಸಜ್ಜಾಗುತ್ತಿದ್ದ ದೇಶಕ್ಕೆ ತನ್ನ ಪ್ರಾಚೀನತೆಯನ್ನು ಜಗತ್ತಿನ ಮುಂದಿಡಲು ಒಂದು ಕಲೆ ಬೇಕಾಗಿತ್ತು, ಭರತನಾಟ್ಯ ಆ ಸ್ಥಾನವನ್ನು ತುಂಬಿತು. 1947ರ ಮದರಾಸು ಕಾಯಿದೆ ದೇವದಾಸಿ ಪದ್ಧತಿಯನ್ನು ನಿಷೇಧಿಸಿತು. ಆ ಪದ್ಧತಿಯ ಶೋಷಣೆ ಕೊನೆಯಾಗಬೇಕಾದದ್ದೇ. ಆದರೆ ತಲೆಮಾರುಗಳಿಂದ ಕಲೆಯನ್ನು ಕಾಪಾಡಿದ ಮನೆಗಳು ಬಾಗಿಲು ಹಾಕಿಕೊಂಡವು, ಬಾಲಸರಸ್ವತಿಯವರಂಥ ಕೆಲವೇ ಕಲಾವಿದೆಯರು ಆ ಪರಂಪರೆಯಿಂದ ಬಂದು ಎದೆಯುಬ್ಬಿಸಿ ನಿಂತರು.

ನಮ್ಮ ಮೈಸೂರು ಶೈಲಿಯ ಮಹಾಗುರು ಕೆ. ವೆಂಕಟಲಕ್ಷಮ್ಮನವರು 1906ರಲ್ಲಿ ಕಡೂರು ತಾಲ್ಲೂಕಿನ ತಾಂಡಾವೊಂದರ ಲಂಬಾಣಿ ಕುಟುಂಬದಲ್ಲಿ ಹುಟ್ಟಿದವರು. ಜಟ್ಟಿ ತಾಯಮ್ಮನವರ ಬಳಿ ಕಲಿತು, ಅರಮನೆಯ ಕಲಾವಿದೆಯಾಗಿ, 1992ರಲ್ಲಿ ಪದ್ಮಭೂಷಣ ಪಡೆದರು. ಅವರ ಅಭಿನಯವನ್ನು ನಾಡೆಲ್ಲ ಮೈಸೂರಿನ ಗುರುತೆಂದು ಕೊಂಡಾಡಿತು. ಶಾಸ್ತ್ರೀಯ ಎಂಬುದು ಒಂದು ಜನದ್ದು, ಜಾನಪದ ಎಂಬುದು ಇನ್ನೊಂದು ಜನದ್ದು ಎಂದು ಪಾಲು ಹಂಚುವವರಿಗೆ ಅವರ ಬಾಳನ್ನು ಹೇಳಬೇಕು. ನಾನು ಪ್ರತಿ ಹೊಸ ತಂಡದ ಮಕ್ಕಳಿಗೂ ಇದನ್ನು ಹೇಳುತ್ತೇನೆ.

ದೇಶ ಕಟ್ಟುವ ಹಾಡಿನ ಮಾತು ಬಂದಾಗ ಎಸ್ಟೋನಿಯಾವನ್ನು ಬಿಡುವಂತಿಲ್ಲ. 1869ರಲ್ಲಿ ತಾರ್ತು ನಗರದಲ್ಲಿ ಶುರುವಾದ ಅವರ ಗಾನೋತ್ಸವ, ಪರರ ಆಳ್ವಿಕೆಯಲ್ಲಿದ್ದ ಪುಟ್ಟ ಜನವೊಂದು ತನ್ನ ಭಾಷೆಯಲ್ಲಿ ಒಟ್ಟಾಗಿ ಹಾಡುವ ಅಭ್ಯಾಸವನ್ನು ಉಳಿಸಿತು. 1988ರಲ್ಲಿ ಟಾಲಿನ್ ನಗರದ ಗಾನ ಮೈದಾನದಲ್ಲಿ ಸೇರಿದ ಅಪಾರ ಜನಸ್ತೋಮ ಸೋವಿಯತ್ ಆಡಳಿತ ಒಪ್ಪದ ಹಾಡುಗಳನ್ನು ಹಾಡಿತು. 1991ರಲ್ಲಿ ಆ ದೇಶ ಮತ್ತೆ ಸ್ವತಂತ್ರವಾಯಿತು. ಅಷ್ಟು ದೂರವೇಕೆ, 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹುಯಿಲಗೋಳ ನಾರಾಯಣರಾಯರ ಗೀತೆಯನ್ನು ಹಾಡಿದಾಗ ಕರ್ನಾಟಕವೆಂಬ ರಾಜ್ಯ ನಕ್ಷೆಯಲ್ಲೇ ಇರಲಿಲ್ಲ. ಹಾಡಿನಲ್ಲಿ ಉದಯವಾದ ನಾಡು ನೆಲದ ಮೇಲೆ ಉದಯವಾಗಲು 1956ರವರೆಗೆ ಕಾಯಬೇಕಾಯಿತು.

ಆದರೆ ರಾಜ್ಯಕ್ಕೆ, ದೇಶಕ್ಕೆ ಬೇಕಾದ ಹಾಡಿಗೆ ಅಳತೆ ಇರುತ್ತದೆ. ರಾಷ್ಟ್ರಗೀತೆಗೆ 52 ಸೆಕೆಂಡು. ಕುವೆಂಪು ಅವರ ಗೀತೆ 2004ರಲ್ಲಿ ನಾಡಗೀತೆಯಾಯಿತು; ಯಾವ ಧಾಟಿ, ಎಷ್ಟು ಹೊತ್ತು ಎಂಬ ಚರ್ಚೆ ಮುಗಿಯಲು 2022 ಬರಬೇಕಾಯಿತು, ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡು ಎಂದು ಸರ್ಕಾರ ಗೊತ್ತುಮಾಡಿದ ಮೇಲೂ ವಿಷಯ ಹೈಕೋರ್ಟಿಗೆ ಹೋಯಿತು. ಎಲ್ಲರೂ ಒಂದೇ ಸಮನೆ ಹಾಡಬೇಕಾದರೆ ಇಂಥ ಅಳತೆ ಅಗತ್ಯ. ಚಳ್ಳಕೆರೆಯವರು ಹೇಳಿದ ಗಣೆಯ ಕಾವ್ಯಕ್ಕೂ, ತಾಂಡಾದ ಢಾವಲೋಗೂ ಅದೇ ಅಳತೆಗೋಲು ಹಿಡಿದರೆ ಅನ್ಯಾಯವಾಗುತ್ತದೆ.


ಹೊಳಲ್ಕೆರೆ ಓದುಗ

ಇಲ್ಲಿಯವರೆಗಿನ ಮಾತಿನಲ್ಲಿ ವಾದ್ಯವೆಂದರೆ ಪ್ರೀತಿಯಿಂದ ಅಪ್ಪಿಕೊಂಡ ಗುರುತು ಎಂಬ ಭಾವವೇ ಹೆಚ್ಚಾಗಿದೆ. ಹೊರಿಸಿದ ಗುರುತೂ ಒಂದಿದೆ. ನಮ್ಮ ಕೇರಿಯ ಹಿರಿಯರಿಗೆ ತಮಟೆ ಬಡಿಯುವುದು ಆಯ್ಕೆಯಾಗಿರಲಿಲ್ಲ. ಸಾವಾದರೆ, ಜಾತ್ರೆಯಾದರೆ, ಊರಿಗೆ ಸಾರಬೇಕಾದರೆ ಕರೆದ ಕೂಡಲೇ ಹೋಗಬೇಕಿತ್ತು. ದೇವರ ಮುಂದೆ ಬಡಿದವರೇ ದೇವಸ್ಥಾನದ ಹೊರಗೆ ನಿಲ್ಲಬೇಕಿತ್ತು. ಓದಿದ ಮಕ್ಕಳು ತಮಟೆಯನ್ನು ಕೆಳಗಿಟ್ಟರೆ ಅವರನ್ನು ಸಂಸ್ಕೃತಿ ಮರೆತವರೆಂದು ದೂರುವುದು ತಪ್ಪು. ಅವರು ಬಿಟ್ಟದ್ದು ಬಿಟ್ಟಿ ಚಾಕರಿಯನ್ನು.

ಈಗ ಅದೇ ತಮಟೆಯನ್ನು ಹೋರಾಟದ ಮೆರವಣಿಗೆಗಳಲ್ಲಿ ಯುವಕರು ತಾವಾಗಿಯೇ ಹಿಡಿಯುತ್ತಿದ್ದಾರೆ, ಹೆಣ್ಣುಮಕ್ಕಳ ತಂಡಗಳೂ ಇವೆ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂದಾಗ ನಮ್ಮ ಕೇರಿಯಲ್ಲಿ ಸಿಹಿ ಹಂಚಿದೆವು. ಚರ್ಮವನ್ನು ಬೆಂಕಿಗೆ ಹಿಡಿದು ಕಾಯಿಸಿ, ಬೆರಳಿನಿಂದ ಮೀಟಿ ನೋಡಿ, ಮತ್ತೆ ಕಾಯಿಸುವ ಕೆಲಸವನ್ನು ನನ್ನ ದೊಡ್ಡಪ್ಪ ಎಷ್ಟು ಶ್ರದ್ಧೆಯಿಂದ ಮಾಡುತ್ತಿದ್ದರೆಂಬುದು ಅಂದು ನೆನಪಾಯಿತು. ವಾದ್ಯ ಅದೇ, ತಾಳ ಅದೇ. ಬಡಿಯಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವವರು ಮಾತ್ರ ಬದಲಾಗಿದ್ದಾರೆ.

ಇನ್ನೊಂದು ಮಾತು. ಒಂದು ಕುಣಿತಕ್ಕೆ ಒಂದೇ ಸಮುದಾಯ ಎಂಬ ಲೆಕ್ಕ ಎಲ್ಲ ಕಡೆಯೂ ಹೊಂದುವುದಿಲ್ಲ. ನಮ್ಮ ಭಾಗದ ಹಳ್ಳಿಗಳಲ್ಲಿ ಮೊಹರಂ ಬಂತೆಂದರೆ ಅಲಾಯಿ ಕುಣಿಯ, ಅಂದರೆ ಬೆಂಕಿಯ ಗುಂಡಿಯ, ಸುತ್ತ ಹೆಜ್ಜೆ ಹಾಕುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ. ಮುಸ್ಲಿಂ ಮನೆಗಳು ಬೆರಳೆಣಿಕೆಯಷ್ಟಿರುವ ಊರುಗಳಲ್ಲೂ ದೇವರು ಕೂರುತ್ತವೆ, ತಮಟೆ ನಮ್ಮ ಕೇರಿಯಿಂದ ಹೋಗುತ್ತದೆ. ಅಲ್ಲಿ ಕಟ್ಟಿಕೊಳ್ಳುವ ಗುರುತು ಊರಿನದು. ಉಪನ್ಯಾಸಕರು ತಮ್ಮ ಪಾಠದಲ್ಲಿ ಇದಕ್ಕೂ ಜಾಗ ಕೊಡಬೇಕೆಂದು ಕೋರುತ್ತೇನೆ.


ದಾವಣಗೆರೆ ಉಪನ್ಯಾಸಕ

ಎಲ್ಲರಿಗೂ ಕೃತಜ್ಞತೆಗಳು. ಈ ಉತ್ತರಗಳನ್ನು ತರಗತಿಯಲ್ಲಿ ಓದಿ ಚರ್ಚಿಸುತ್ತೇನೆ. ನನಗೀಗ ಕಾಣುತ್ತಿರುವುದು ಇಷ್ಟು: ಕುಣಿತ ಎಲ್ಲಿ ನಡೆಯುತ್ತದೆ ಎಂಬುದಕ್ಕಿಂತ ಅದರ ವಿಷಯದಲ್ಲಿ ಯಾರ ಮಾತು ನಡೆಯುತ್ತದೆ ಎಂಬುದು ಮುಖ್ಯವಾಗುತ್ತದೆ. ತಾಂಡಾದ ಸಹೋದರಿಯವರಲ್ಲಿ ಒಂದು ಕೋರಿಕೆ. ಈ ನವೆಂಬರಿನ ಮೆರವಣಿಗೆಗೂ ಲಂಬಾಣಿ ನೃತ್ಯ ಬೇಕೆಂಬ ಬೇಡಿಕೆ ನಮ್ಮ ಸಾಂಸ್ಕೃತಿಕ ಸಮಿತಿಯ ಮುಂದೆ ಬಂದೇ ಬರುತ್ತದೆ. ನಾವು ಹೇಗೆ ನಡೆದುಕೊಳ್ಳಬೇಕು?


ನ್ಯಾಮತಿಯ ತಾಂಡಾದ ಮಗಳು

ಸರ್, ಕೇಳಿದ್ದಕ್ಕೆ ಸಂತೋಷ. ಹೊರಗಿನ ಮಕ್ಕಳು ನಮ್ಮ ಕುಣಿತ ಕಲಿಯುವುದಕ್ಕೆ ನಮ್ಮ ಅಡ್ಡಿಯಿಲ್ಲ, ಕಲಿತರೆ ನಮಗೇ ಗೌರವ. ಉಡುಪಿನ ಅಂಗಡಿಗೆ ಹೋಗುವ ಮುಂಚೆ ಹತ್ತಿರದ ತಾಂಡಾಕ್ಕೆ ಹೋಗಿ ನಾಯಕರನ್ನು ಕಂಡು, ಅವರ ಮೂಲಕ ಹಾಡು ಬಲ್ಲ ಹಿರಿಯ ಹೆಂಗಸರನ್ನು ಮಾತಾಡಿಸಿ. ಒಂದೆರಡು ವಾರ ಅವರನ್ನು ಕಾಲೇಜಿಗೆ ಕರೆಸಿ ಮಕ್ಕಳಿಗೆ ಹಾಡನ್ನೇ ಮೊದಲು ಕಲಿಸಲು ಹೇಳಿ, ಹೆಜ್ಜೆ ಅದರ ಹಿಂದೆ ಬರುತ್ತದೆ. ಅವರಲ್ಲಿ ಹೆಚ್ಚಿನವರು ಕೂಲಿಗೆ ಹೋಗುವವರು. ಬಂದ ದಿನದ ಕೂಲಿ, ಬಸ್ಸಿನ ಖರ್ಚು ಮತ್ತು ಕಲಿಸಿದ್ದಕ್ಕೆ ಸಂಭಾವನೆಯನ್ನು ಕಾಲೇಜು ಕೊಡಬೇಕು, ಶಾಲು-ಹಾರವಷ್ಟೇ ಸಾಲದು. ಯಾವ ಹಾಡು ಬೀದಿಗೆ ಬರಬಹುದು, ಯಾವುದು ಬರಬಾರದು, ಯಾರು ಯಾವ ಆಭರಣ ತೊಡಬೇಕು ಎಂಬುದನ್ನು ಅವರೇ ಹೇಳಲಿ. ಧ್ವನಿಮುದ್ರಿಕೆ ಬೇಡ, ಒಂದು ನಗಾರಿ ಮತ್ತು ಕಂಚಿನ ತಟ್ಟೆ ಸಾಕು. ಮೆರವಣಿಗೆಯಲ್ಲಿ ವೃತ್ತಗಳು ಸಿಗುತ್ತವಲ್ಲ, ಅಂಥ ಕಡೆ ಸ್ವಲ್ಪ ಹೊತ್ತು ನಿಂತು ಸುತ್ತಾಗಿ ಕುಣಿಯಲು ಬಿಡಿ. ನಿಮ್ಮ ಆ ವಿದ್ಯಾರ್ಥಿ ನಗಾರಿ ಬಾರಿಸಲು ಒಪ್ಪಿದರೆ ನನಗೆ ತಿಳಿಸಿ. ನಮ್ಮ ತಾಂಡಾದಲ್ಲಿ ಕಲಿಸುವ ಹಿರಿಯರಿದ್ದಾರೆ, ದೀಪಾವಳಿಯೊಳಗೆ ಕಲಿಯಬಹುದು.